ಐದನೆಯ ಕೊಕ್ಕೆ

ನಂಜನಗೂಡು, ಆ ಗುರುವಾರ

ಆ ಗುರುವಾರ ಬೆಳಿಗ್ಗೆ ರತ್ನ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಬಸಿದ ಕಾಳಿಗೆ ಒಗ್ಗರಣೆ ಹಾಕಿ ಎರಡು ಡಬ್ಬಿಗೆ ತುಂಬಿ, ಒಂದನ್ನು ನನ್ನ ಚೀಲಕ್ಕೂ ಇನ್ನೊಂದನ್ನು ತನ್ನ ಚೀಲಕ್ಕೂ ಇಟ್ಟಳು. ನನ್ನ ಹೆಂಡತಿ ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದಳು. ನಾನು ಇಲ್ಲೇ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್. ಅವಳು ಬಸ್ಸಿಗೆ, ನಾನು ಸೈಕಲ್ಲಿಗೆ. ನಮಗೆ ಮಕ್ಕಳಿಲ್ಲ. ಹದಿನಾರು ವರ್ಷ ನಮ್ಮ ಬೆಳಗು ಹೀಗೇ ಇತ್ತು.

ಸಂಜೆ ಅವಳು ಒಂದು ಕಾಗದ ಹಿಡಿದು ಬಂದಳು. ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರು ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಾಗಿದೆಯೋ ಅಷ್ಟನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿದರೆ ಅವರು ಓದಿ ಲೆಕ್ಕ ಬರೆದು ಕಳಿಸುತ್ತಾರೆ.

"ರೀ, ಈ ಸಲಾನೂ ಸೊನ್ನೆ ಕಣ್ರೀ," ಎಂದಳು. "ಸ್ಕೂಲಲ್ಲಿ ಸೊನ್ನೆ ತಂದಿದ್ರೆ ನಮ್ಮಪ್ಪ ಬಾಸುಂಡೆ ಬರಿಸ್ತಿದ್ರು. ಇಲ್ಲಿ ಸೊನ್ನೆ ಬಂದ್ರೆ ಪಾಸು."

"ಹದಿನಾರು ವರ್ಷದಿಂದ ಫಸ್ಟ್ ಕ್ಲಾಸು ನೀನು," ಎಂದೆ.

ಆ ಬ್ಯಾಡ್ಜುಗಳ ಜೊತೆ ನನಗೂ ಸ್ವಲ್ಪ ನಂಟಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಬ್ಯಾಡ್ಜುಗಳು ಮೇಜಿನ ಮೇಲೆ, ಏಪ್ರನ್ನಿನ ಜೇಬಿನಲ್ಲಿ, ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ನಾನು ಒಂದು ತೇಗದ ತುಂಡು ತಂದು, ಉಜ್ಜಿ, ಪಾಲಿಶ್ ಹಾಕಿ, ಹಿತ್ತಾಳೆಯ ಐದು ಕೊಕ್ಕೆ ಹಾಕಿಕೊಟ್ಟೆ. ಡಾಕ್ಟರು, ರತ್ನ, ಇನ್ನೊಬ್ಬ ಟೆಕ್ನಿಷಿಯನ್, ಆಯಾ ಚಿಕ್ಕತಾಯಮ್ಮ ಸೇರಿ ನಾಲ್ಕು ಜನ. ಐದನೆಯ ಬ್ಯಾಡ್ಜಿನ ಮೇಲೆ 'ಕಂಟ್ರೋಲ್' ಎಂದು ಬರೆದಿತ್ತು. ಅದು ಯಾರದು ಎಂದು ಕೇಳಿದ್ದೆ. "ಯಾರದೂ ಅಲ್ಲ. ಜೊತೇಲಿ ಬರುತ್ತೆ. ಅದನ್ನೂ ಕಳೀಬಾರದಂತೆ," ಎಂದಿದ್ದಳು. ನಾಲ್ಕು ಹೆಸರುಗಳನ್ನು ಕಪ್ಪು ಬಣ್ಣದಲ್ಲೂ ಅದೊಂದನ್ನು ನೀಲಿ ಬಣ್ಣದಲ್ಲೂ ಬರೆದೆ. ಒಂದು ಭಾನುವಾರ ಹೋಗಿ ಎಕ್ಸ್‌ರೇ ಕೋಣೆಯ ಒಳಗೋಡೆಗೆ ನಾನೇ ಸುತ್ತಿಗೆ ಹಿಡಿದು ಅದನ್ನು ಹೊಡೆದು ಬಂದಿದ್ದೆ. ಡಾಕ್ಟರು ಹೊಗಳಿದ್ದನ್ನು ರತ್ನ ಎರಡು ವಾರ ಹೇಳಿಕೊಂಡು ಓಡಾಡಿದಳು.

ಶುಕ್ರವಾರ ಬೆಳಿಗ್ಗೆ ಅವಳಿಗೆ ಏಳಲಾಗಲಿಲ್ಲ. ತೋಳಿನ ಮೇಲೆ ಏಟು ಬಿದ್ದಂಥ ನೀಲಿ ಕಲೆಗಳು. ಮೈಸೂರಿನಲ್ಲಿ ರಕ್ತದ ಕ್ಯಾನ್ಸರ್ ಎಂದರು. ಐದು ತಿಂಗಳಿಗೆ ಹೊರಟುಹೋದಳು. ಸಂಗಮದಲ್ಲಿ ಬೂದಿ ಬಿಟ್ಟೆ. ಅವಳ ನರ್ಸಿಂಗ್ ಹೋಮಿನಿಂದ ಅಲ್ಲಿಗೆ ನಡೆದೇ ಹೋಗಬಹುದು.

"ಇದು ಅವಳ ಕೆಲಸದಿಂದ ಬಂತಾ ಸಾರ್?" ಎಂದು ಮೈಸೂರಿನ ಡಾಕ್ಟರನ್ನು ಕೇಳಿದ್ದೆ. ಆ ಕೆಲಸ ಮಾಡದವರಿಗೂ ಬರುತ್ತದೆ, ಬ್ಯಾಡ್ಜಿನ ರಿಪೋರ್ಟ್ ಇದ್ದರೆ ತನ್ನಿ ಎಂದರು. ರತ್ನ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಟ್ಟಿದ್ದಳು. ಅವರು ಹಾಳೆ ತಿರುವಿ ನೋಡಿ, "ಎಲ್ಲಾ ಸೊನ್ನೆನೇ ಇದೆಯಲ್ಲಪ್ಪಾ. ಕೆಲಸದಿಂದ ಅಂತ ಅನ್ಕೋಬೇಡಿ," ಎಂದರು.

ಆ ಸೊನ್ನೆಯನ್ನೇ ಹಿಡಿದುಕೊಂಡು ಒಂದು ವರ್ಷ ಕಳೆದೆ.

ಕಾರ್ಖಾನೆ

ನಮ್ಮ ಕಾರ್ಖಾನೆ ಚಿಕ್ಕದು. ವಿಕಿರಣ ಅಳೆಯುವ ಕೈಮೀಟರುಗಳನ್ನು ಮಾಡುತ್ತೇವೆ. ಒಳಗಿನ ವಿದ್ಯೆ ಇಂಜಿನಿಯರುಗಳದ್ದು, ಹೊರಗಿನ ಡಬ್ಬ ನನ್ನದು. ಹಿಡಿ, ಮುಚ್ಚಳ, ಗುಂಡಿ, ಬ್ಯಾಟರಿ ಕೂರುವ ಜಾಗ, ಇಷ್ಟು ನನ್ನ ಪ್ರಪಂಚ.

ಮೀಟರು ಹೇಗಿರಬೇಕು ಎಂಬುದನ್ನು ನಾವು ತೀರ್ಮಾನಿಸುವುದಿಲ್ಲ. ಅದಕ್ಕೊಂದು ಮಾನದಂಡದ ಪುಸ್ತಕವಿದೆ. ಕೈಗವಸು ಹಾಕಿದವರೂ ಗುಂಡಿ ಒತ್ತುವಂತಿರಬೇಕು ಎಂದು ಅದರಲ್ಲಿ ಬರೆದರೆ ನಾನು ಗುಂಡಿ ದೊಡ್ಡದು ಮಾಡಬೇಕು. ಚಳಿಯಲ್ಲೂ ಕೆಲಸ ಮಾಡಬೇಕು ಎಂದರೆ ಮುಚ್ಚಳದ ಅಂಚಿನ ರಬ್ಬರು ಬದಲಾಗಬೇಕು. ಪುಸ್ತಕ ಹೊಸದಾಗಿ ಬಂದಾಗಲೆಲ್ಲ ನನ್ನ ಹಳೆಯ ಅಚ್ಚುಗಳು ಮೂಲೆಗೆ ಬೀಳುತ್ತವೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎಲ್ಲೋ ಕೂತವರು ಒಂದು ಸಾಲು ಬರೆದರೆ ಇಲ್ಲಿ ನಾನು ತಿಂಗಳುಗಟ್ಟಲೆ ತಗಡು ಕತ್ತರಿಸಬೇಕು.

ಹೊರದೇಶಕ್ಕೆ ಮೀಟರು ಮಾರಬೇಕಾದರೆ ಅಲ್ಲಿನ ಲ್ಯಾಬು ಪಾಸು ಮಾಡಬೇಕು. ನಾವು ಕಳಿಸಿದ್ದು ವಾಪಸ್ಸು ಬಂದಿತ್ತು. ಮಾಲೀಕರಾದ ಬಸವರಾಜಪ್ಪನವರು ನನ್ನನ್ನು ಕರೆದರು.

"ನೋಡು ಮಾದಪ್ಪ, ಒಳಗಿರೋದೆಲ್ಲಾ ಪಾಸಾಗದೆ. ಫೇಲಾಗಿರೋದು ನಿನ್ನ ಡಬ್ಬ. ಸಹನಾ ಹೋಗ್ತಾವ್ಳೆ, ಜೊತೇಲಿ ನೀನೂ ಹೋಗು. ಅಲ್ಲೇ ಕೂತು ಸರಿ ಮಾಡ್ಕೊಟ್ಟು ಬಾ."

"ಜರ್ಮನಿಗಾ ಸಾರ್? ನಾನು ಬೆಂಗಳೂರಿಗೇ ನಾಕು ಸಲ ಹೋಗಿರೋದು."

"ಅಲ್ಲೂ ಸ್ಕ್ರೂ ಬಲಗಡೆಗೇ ತಿರುಗೋದು ಕಣಯ್ಯ. ಹೋಗು."

ನಾನು ಒಪ್ಪಿದ್ದಕ್ಕೆ ಕಾರಣ ಬೇರೆ. ವಿಕಿರಣದ ವಿಷಯ ನಿಜವಾಗಿ ತಿಳಿದವರು ಅಲ್ಲಿರುತ್ತಾರೆ. ರತ್ನಳ ಕೊನೆಯ ರಿಪೋರ್ಟನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅವರಲ್ಲಿ ಒಬ್ಬರು ಅದನ್ನು ನೋಡಿ, ಹೌದು, ಇದು ಕೆಲಸದಿಂದ ಬಂದದ್ದಲ್ಲ ಎಂದು ಇನ್ನೊಂದು ಸಲ ಹೇಳಲಿ ಎಂಬ ಆಸೆ.

ಮೋಡದ ಮೇಲೆ

ಮೀಟರನ್ನು ಬದನವಾಳಿನ ಖಾದಿ ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಸಹನಾ ಮೈಸೂರಿನ ಹುಡುಗಿ, ನಮ್ಮ ಇಂಜಿನಿಯರು, ನನ್ನ ಅರ್ಧ ವಯಸ್ಸಿನವಳು. ವಿಮಾನ ನಿಲ್ದಾಣದಲ್ಲಿ ನನ್ನ ಬಾಯಿ ಮುಚ್ಚಿಸಿ ಕಾಗದಗಳನ್ನು ತಾನೇ ತೋರಿಸಿದಳು. ಚೀಲದಲ್ಲಿ ಮೀಟರಿನ ಪಕ್ಕ ಹುಚ್ಚೆಳ್ಳು ಚಟ್ನಿಪುಡಿಯ ಸ್ಟೀಲ್ ಡಬ್ಬಿ ಇತ್ತು. ಅಧಿಕಾರಿ ಮೀಟರನ್ನು ಬಿಟ್ಟು ಚಟ್ನಿಪುಡಿಯನ್ನೇ ಬಹಳ ಹೊತ್ತು ಮೂಸಿ ನೋಡಿದರು.

ವಿಮಾನದಲ್ಲಿ ಊಟ ಕೊಟ್ಟು ಮುಗಿದಿತ್ತು. ತಲೆಯ ಮೇಲಿನ ಪೆಟ್ಟಿಗೆಯಿಂದ ಟಿಕ್, ಟಿಕ್ ಎಂದು ಸದ್ದು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಅಕ್ಕಪಕ್ಕದವರು ತಲೆ ಎತ್ತುವಷ್ಟು. ಅದು ನಮ್ಮ ಮೀಟರೆಂದು ನನಗೆ ಗೊತ್ತಾಯಿತು. ಕೈಗವಸಿನವರಿಗೆಂದು ನಾನು ಮಾಡಿದ ದಪ್ಪ ಗುಂಡಿಯನ್ನು ಚಟ್ನಿಪುಡಿಯ ಡಬ್ಬಿ ಒತ್ತಿಬಿಟ್ಟಿತ್ತು.

ಪರಿಚಾರಕ ಓಡಿಬಂದ. ಸಹನಾ ಚೀಲ ಇಳಿಸಿ ಮೀಟರು ಆರಿಸಿ, ಕಾಗದ ತೋರಿಸಿ, ನಗುತ್ತಾ ಏನೇನೋ ಹೇಳಿದಳು. ಅವನೂ ನಕ್ಕ. ಮತ್ತೊಮ್ಮೆ ಹಾಕಿ ತೋರಿಸಿ ಎಂದನಂತೆ! ಅರ್ಧ ನಿಮಿಷ ಹಾಕಿದಳು. ನಮ್ಮ ಕಾರ್ಖಾನೆಯಲ್ಲಿ ತೂಕಡಿಸುತ್ತಾ ಟಿಕ್ ಎನ್ನುವ ಮೀಟರು ಇಲ್ಲಿ ಆತುರಾತುರವಾಗಿ ಬಡಿದುಕೊಳ್ಳುತ್ತಿತ್ತು.

"ಮೀಟರ್ ಕೆಟ್ಟಿದ್ಯಾ?" ಎಂದೆ.

"ಇಲ್ಲ ಮಾದಣ್ಣ, ಸರಿಯಾಗೇ ಇದೆ. ಇದು ಆಕಾಶದಿಂದ ಬರೋ ವಿಕಿರಣ. ಕೆಳಗಡೆ ಗಾಳಿ ಅಡ್ಡ ಇರುತ್ತೆ, ಇಲ್ಲಿ ಗಾಳಿ ತೆಳು. ಇವರು ದಿನಾ ಹಾರ್ತಾರಲ್ಲ, ಇವರಿಗೂ ನಿಯಮ ಇದೆಯಂತೆ. ಎಷ್ಟು ಗಂಟೆ ಹಾರಿದ್ರು ಅಂತ ನೋಡಿ ಲೆಕ್ಕ ಬರೀತಾರಂತೆ."

ನಾನು ಕಿಟಕಿಯ ಹೊರಗೆ ನೋಡಿದೆ. ಬಿಳಿ ಮೋಡ, ಬಿಸಿಲು. ಏನೂ ಕಾಣುತ್ತಿರಲಿಲ್ಲ. ರತ್ನ ವಿಮಾನ ಹತ್ತಿದವಳಲ್ಲ.

ಬೇಕರಿಯ ಮೇಲಿನ ಕೋಣೆ

ನಾವು ಇಳಿದುಕೊಂಡದ್ದು ಒಂದು ಸಣ್ಣ ಊರಿನಲ್ಲಿ. ತಿ. ನರಸೀಪುರಕ್ಕಿಂತ ಸ್ವಲ್ಪ ದೊಡ್ಡದಿರಬಹುದು. ಜನ ಮಾತ್ರ ಎಲ್ಲೋ ಬಚ್ಚಿಟ್ಟುಕೊಂಡ ಹಾಗೆ. ಕೆಳಗೆ ಬೇಕರಿ, ಮೇಲೆ ಎರಡು ಕೋಣೆ, ಮನೆಯೊಡತಿ ಎಪ್ಪತ್ತು ದಾಟಿದ ಹೆಂಗಸು. ಬೆಳಿಗ್ಗೆ ಬಂದು ಕಿಟಕಿಗಳನ್ನೆಲ್ಲ ಹಾರುಹೊಡೆದಳು. ಹಲ್ಲು ಕಟಕಟ ಎನ್ನುವ ಚಳಿ. ಅವಳು ಹೋದಮೇಲೆ ನಾನು ಮುಚ್ಚಿದೆ. ಅವಳು ಮತ್ತೆ ಬಂದು ತೆರೆದಳು. ಮೂರು ದಿನ ಹೀಗೇ ನಡೆಯಿತು. ಕೋಣೆಯ ಹಳೆಯ ಗಾಳಿ ಹೋಗಿ ಹೊಸ ಗಾಳಿ ಬರಬೇಕಂತೆ, ಎಷ್ಟೇ ಚಳಿ ಇರಲಿ. ನಾಲ್ಕನೆಯ ದಿನ ನಾನೇ ಎದ್ದು ತೆರೆದೆ. ಅವಳು ಬಾಗಿಲಲ್ಲಿ ನಿಂತು ನನಗೆ ಚಪ್ಪಾಳೆ ತಟ್ಟಿದಳು.

ರಸ್ತೆ ದಾಟುವ ಕಡೆ ಕೆಂಪು ಮನುಷ್ಯನ ದೀಪ. ಎರಡೂ ಕಡೆ ಕಣ್ಣು ಹೋಗುವಷ್ಟು ದೂರ ಒಂದು ಗಾಡಿಯೂ ಇರಲಿಲ್ಲ. ನಾನು ದಾಟಿದೆ. ಆ ಕಡೆ ನಿಂತಿದ್ದ ಅಜ್ಜಿಯೊಬ್ಬಳು ನನ್ನ ಎದೆಗೆ ಬೆರಳು ತೋರಿಸಿ ಬೈದಳು. ಅವಳ ಕೈ ಹಿಡಿದು ಒಂದು ಪುಟ್ಟ ಹೆಣ್ಣುಮಗು ನಿಂತಿತ್ತು.

"ಮಕ್ಕಳು ನೋಡ್ತಿರ್ತಾರೆ ಅಂತ," ಎಂದಳು ಸಹನಾ. "ನೀವು ಗಾಡಿ ನೋಡ್ಕೊಂಡು ದಾಟ್ತೀರಿ, ಆ ಮಗು ನಿಮ್ಮನ್ನ ನೋಡ್ಕೊಂಡು ದಾಟುತ್ತೆ."

ನಂಜನಗೂಡಿನ ಬಸ್ ಸ್ಟ್ಯಾಂಡ್ ಮುಂದೆ ಹಸುವನ್ನು ನೋಡಿಕೊಂಡು ದಾಟುತ್ತೇವೆ. ಅದು ನಡುರಸ್ತೆಗೆ ಇಳಿದರೆ ಗಾಡಿಗಳು ನಿಲ್ಲುತ್ತವೆ, ಅದರ ಹಿಂದೆ ನಾವು. ಇದನ್ನು ಸಹನಾ ಕೈಲಿ ಆ ಅಜ್ಜಿಗೆ ಹೇಳಿಸಬೇಕೆಂದುಕೊಂಡೆ. ಅಷ್ಟರಲ್ಲಿ ಹಸಿರು ದೀಪ ಬಂದು ಅವರು ಹೊರಟುಹೋದರು.

ಲ್ಯಾಬು, ಶುಕ್ರವಾರ

ಲ್ಯಾಬಿನಲ್ಲಿ ನಮ್ಮ ಮೀಟರು ಹೆಲ್ಗಾ ಎಂಬ ಹೆಂಗಸಿನ ಕೈಗೆ ಬಂತು. ಬಿಳಿ ಕೂದಲು, ಗಂಡಸರ ಶೂ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಇನ್ನೊಂದು ವರ್ಷಕ್ಕೆ ನಿವೃತ್ತಿಯಂತೆ. ಅವಳ ಕೆಲಸ ವಸ್ತುಗಳನ್ನು ಬೀಳಿಸುವುದು, ನೆನೆಸುವುದು, ಹೆಪ್ಪುಗಟ್ಟಿಸುವುದು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಸಹನಾ ನನಗೆ ಕನ್ನಡದಲ್ಲಿ ಹೇಳುವುದು, ಹೀಗೆ ಮಾತು ನಡೆಯಿತು.

ನನ್ನ ಡಬ್ಬವನ್ನು ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ನೋಡಿದಳು.

"ಕೈಲಿ ಉಜ್ಜಿದ್ದಾ ಅಂತ ಕೇಳ್ತಿದಾರೆ," ಎಂದಳು ಸಹನಾ.

ಹೌದು ಎಂದು ತಲೆಯಾಡಿಸಿದೆ. ಹೆಲ್ಗಾ ಮೆಚ್ಚಿ ತಲೆದೂಗಿದಳು. ಆಮೇಲೆ ಅದನ್ನು ಎತ್ತಿ ನೆಲಕ್ಕೆ ಬಿಟ್ಟಳು.

ಡಬ್ಬ ಒಡೆಯಲಿಲ್ಲ, ಮುಚ್ಚಳ ಹಾರಲಿಲ್ಲ. ಎತ್ತಿಕೊಂಡು ಹೆಮ್ಮೆಯಿಂದ ತೋರಿಸಲು ಹೋದೆ. ಅವಳು ಮೀಟರಿನ ಮುಖಕ್ಕೆ ಬೆರಳಿಟ್ಟಳು. ಎದುರಿಗೆ ಸೀಸದ ಗೂಡಿನಲ್ಲಿ ವಿಕಿರಣದ ಸಣ್ಣ ಗುಳಿಗೆ ಇದೆ, ಮೀಟರು ಅದನ್ನು ತೋರಿಸುತ್ತಿರಬೇಕು. ನಮ್ಮದು ಸೊನ್ನೆ ತೋರಿಸುತ್ತಿತ್ತು. ಕೆಲವು ಸೆಕೆಂಡಿನ ನಂತರ ತಾನಾಗಿಯೇ ಚೇತರಿಸಿಕೊಂಡು ಸರಿಯಾದ ಅಂಕಿ ತೋರಿಸಿತು. ಬಿದ್ದ ರಭಸಕ್ಕೆ ಬ್ಯಾಟರಿ ಒಂದು ಕ್ಷಣ ಅಲುಗಿ, ಮೀಟರು ಆರಿ ಮತ್ತೆ ಹತ್ತಿಕೊಂಡಿತ್ತು. ಹಿಂದೆ ಫೇಲಾದದ್ದೂ ಇದಕ್ಕೇ.

"ಸರಿಹೋಯ್ತಲ್ಲ," ಎಂದೆ.

ಹೆಲ್ಗಾ ಇಲ್ಲ ಎಂದು ತಲೆಯಾಡಿಸಿ ಬಹಳ ಹೊತ್ತು ಮಾತಾಡಿದಳು. ಸಹನಾ ಅದನ್ನು ಹೀಗೆ ಹೇಳಿದಳು: "ಬಿದ್ದಮೇಲೆ ಕೆಟ್ಟುಹೋದ್ರೆ ತೊಂದ್ರೆ ಇಲ್ಲವಂತೆ ಮಾದಣ್ಣ. ಕೆಟ್ಟಿದೀನಿ ಅಂತ ಹೇಳ್ಬೇಕು ಅಷ್ಟೆ, ಜನ ಹುಷಾರಾಗ್ತಾರೆ. ಸೊನ್ನೆ ತೋರಿಸ್ಬಾರದು. ಸೊನ್ನೆ ನೋಡಿದವನು ಒಳಗೆ ಹೋಗಿಬಿಡ್ತಾನೆ."

ಹಳೆಯ ಕಾಲದ ಕೆಲವು ಮೀಟರುಗಳು ತೀರಾ ಜೋರಾದ ವಿಕಿರಣದ ಎದುರು ಹೋದರೆ ಉಸಿರುಗಟ್ಟಿದಂತಾಗಿ ಸೊನ್ನೆಗೆ ಇಳಿದುಬಿಡುತ್ತಿದ್ದವಂತೆ. ಅಪಾಯ ಹೆಚ್ಚಿದ್ದ ಕಡೆಯೇ ಏನೂ ಇಲ್ಲ ಎನ್ನುತ್ತಿದ್ದವು. ಆಮೇಲೆ ಪುಸ್ತಕಕ್ಕೆ ಒಂದು ಸಾಲು ಸೇರಿತು: ತಾಳಲಾರದಷ್ಟು ವಿಕಿರಣ ಬಂದರೆ ಮೀಟರು ಕೂಗಬೇಕು, ಸೊನ್ನೆಗೆ ಬೀಳಬಾರದು. ಆ ಸಾಲಿಗಾಗಿ ಎಲ್ಲರೂ ಒಳಗಿನ ಯಂತ್ರವನ್ನು ಹೊಸದಾಗಿ ಕಟ್ಟಬೇಕಾಯಿತು. ತಗಡು ಕತ್ತರಿಸುವಾಗ ನಾನು ಬೈದುಕೊಳ್ಳುತ್ತಿದ್ದ ಸಾಲುಗಳು ಹೀಗೆ ಬಂದವು ಎಂಬುದು ನನಗೆ ಆವತ್ತೇ ಗೊತ್ತಾದದ್ದು.

"ಸೋಮವಾರ ಇನ್ನೊಂದು ಸಲ ಬೀಳಿಸ್ತಾರಂತೆ," ಎಂದಳು ಸಹನಾ. "ಅಷ್ಟರಲ್ಲಿ ಬ್ಯಾಟರಿ ಅಲುಗದ ಹಾಗೆ ಮಾಡಿ."

ಭಾನುವಾರ, ಸುತ್ತಿಗೆ ಇಲ್ಲದೆ

ಭಾನುವಾರ ಬೆಳಿಗ್ಗೆ ಕೋಣೆಯಲ್ಲಿ ಟವೆಲ್ ಹಾಸಿ ಡಬ್ಬ ಬಿಚ್ಚಿದೆ. ಬ್ಯಾಟರಿ ಕೂರುವ ತಗಡನ್ನು ಸ್ವಲ್ಪ ಬಡಿದು ಬಿಗಿ ಮಾಡಿದರೆ ಸಾಕು. ಮನೆಯಿಂದ ತಂದ ಸಣ್ಣ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದೆ. ಐದನೆಯದಕ್ಕೆ ಮನೆಯೊಡತಿ ಬಾಗಿಲಲ್ಲಿದ್ದಳು, ತುಟಿಯ ಮೇಲೆ ಬೆರಳಿಟ್ಟುಕೊಂಡು. ಆ ದೇಶದಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ಅಂಗಡಿಗಳಿಗೆ ಬಾಗಿಲು, ಮರ ಕೊಯ್ಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ನಮ್ಮಲ್ಲಿ ಮೊಳೆ ಹೊಡೆಯುವುದೇ ಭಾನುವಾರ. ವಾರವೆಲ್ಲ ಊರಿನವರ ಕೆಲಸ, ಭಾನುವಾರ ಮನೆಯವರದ್ದು. ಆ ಕೊಕ್ಕೆಯ ಹಲಗೆಯನ್ನೂ ಭಾನುವಾರವೇ ಹೊಡೆದದ್ದು.

ಸುತ್ತಿಗೆ ಕೆಳಗಿಟ್ಟೆ. ಮೀಟರಿಗೆ ಸುತ್ತಿದ್ದ ಟವೆಲನ್ನು ಬಿಗಿಯಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಂಡು ಬಂದಿದ್ದೆ. ಅದರಲ್ಲಿ ಎರಡು ತುಂಡು ಬ್ಲೇಡಿನಿಂದ ಕೊಯ್ದು ಬ್ಯಾಟರಿಯ ಹಿಂದೆ ಒಂದು, ಪಕ್ಕಕ್ಕೆ ಒಂದು ತುರುಕಿದೆ. ಕೈಲಿ ಕುಲುಕಿದೆ. ಹಾಸಿಗೆಯ ಮೇಲೆ ಎಸೆದೆ. ಆಮೇಲೆ ಕಣ್ಣು ಮುಚ್ಚಿ ನೆಲದ ಚಾಪೆಯ ಮೇಲೆ ಬಿಟ್ಟೆ. ಮೀಟರು ಒಂದು ಟಿಕ್ಕನ್ನೂ ತಪ್ಪಿಸಲಿಲ್ಲ. ಬಿದ್ದ ಸದ್ದಿಗೆ ಮನೆಯೊಡತಿ ಮತ್ತೆ ಬಂದಳು. ನಾನೇ ತುಟಿಯ ಮೇಲೆ ಬೆರಳಿಟ್ಟುಕೊಂಡೆ. ನಗುತ್ತಾ ಹೋದವಳು ಒಂದು ತಟ್ಟೆಯಲ್ಲಿ ಸೇಬಿನ ಕೇಕು ತಂದಿಟ್ಟಳು. ನಾನು ಚಟ್ನಿಪುಡಿ ಕೊಟ್ಟೆ. ಅವಳು ಅದನ್ನು ಕೇಕಿನ ಮೇಲೆ ಉದುರಿಸಿಕೊಂಡಳು. ಬೇಡ ಎನ್ನುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಹೂಕುಂಡದ ಪಕ್ಕ

ಸೋಮವಾರ ಹೆಲ್ಗಾ ಆರು ಕಡೆಯಿಂದ ಬೀಳಿಸಿದಳು. ಒಮ್ಮೆಯೂ ಸೊನ್ನೆ ಬರಲಿಲ್ಲ. ಮುಚ್ಚಳ ತೆಗೆದು ಕಪ್ಪು ರಬ್ಬರನ್ನು ನೋಡಿ ಇದೇನೆಂದು ಕೇಳಿದಳು. "ಸೈಕಲ್" ಎಂದು ನಾನೇ ಹೇಳಿ ಕಾಲು ತುಳಿದು ತೋರಿಸಿದೆ. ಅವಳು ನಕ್ಕಿದ್ದಕ್ಕೆ ಪಕ್ಕದ ಕೋಣೆಯವರು ಇಣುಕಿದರು. ಕಾಗದದಲ್ಲಿ 'ರಬ್ಬರ್ ಆಧಾರ' ಎಂದು ಬರೆಯಬೇಕು, ಇನ್ನು ಮುಂದೆ ಪ್ರತಿಯೊಂದು ಮೀಟರಿನಲ್ಲೂ ಅದೇ ರಬ್ಬರು, ಅದೇ ದಪ್ಪ ಇರಬೇಕು ಎಂದಳು. "ನಂಜನಗೂಡಲ್ಲಿರೋ ಸೈಕಲ್‌ಗಳೆಲ್ಲ ಇನ್ನು ಪಂಕ್ಚರ್ರು," ಎಂದಳು ಸಹನಾ.

ಕಾಫಿಗೆ ಹೆಲ್ಗಾ ನಮ್ಮನ್ನು ಮೇಲಂತಸ್ತಿನ ತನ್ನ ಕೋಣೆಗೆ ಕರೆದೊಯ್ದಳು. ಒಂದು ಡ್ರಾಯರ್ ಎಳೆದು ತೋರಿಸಿದಳು. ಹಳೆಯ ಕಾಲದಿಂದ ಇಲ್ಲಿಯವರೆಗಿನ ಬ್ಯಾಡ್ಜುಗಳು. ತಗಡಿನ ಚೌಕಟ್ಟಿನಲ್ಲಿ ಫಿಲ್ಮು ಇಟ್ಟದ್ದು, ರತ್ನ ಹಾಕುತ್ತಿದ್ದಂಥ ಬಿಲ್ಲೆಗಳದ್ದು, ಬೆರಳಿಗೆ ಹಾಕುವ ಉಂಗುರ. ಕೊನೆಗೆ ಕಣ್ಣಿನ ಪಕ್ಕ ಕಟ್ಟಿಕೊಳ್ಳುವ ಒಂದು ಗುಂಡಿ. ಕಣ್ಣಿಗೆ ತಾಗಬಹುದಾದ ಮಿತಿಯನ್ನು ಬಹಳ ಕೆಳಗೆ ಇಳಿಸಿದರಂತೆ. ಎದೆಯ ಬ್ಯಾಡ್ಜು ಕಣ್ಣಿನ ಲೆಕ್ಕ ಹೇಳಲಾರದು, ಅದಕ್ಕೆ ಇದು ಬೇಕಾಯಿತು. ಪ್ರತಿಯೊಂದನ್ನೂ ತೋರಿಸಿ, ಮೊದಲು ಪುಸ್ತಕದಲ್ಲಿ ಸಾಲು, ಆಮೇಲೆ ಇದು ಎನ್ನುತ್ತಿದ್ದಳು.

ಆಗ ಕಿಟಕಿಯ ಹತ್ತಿರ ಕಣ್ಣು ಹೋಯಿತು. ಹೂಕುಂಡದ ಪಕ್ಕದ ಮೊಳೆಯಲ್ಲಿ ಒಂದೇ ಒಂದು ಬ್ಯಾಡ್ಜು ನೇತಾಡುತ್ತಿತ್ತು.

"ಅದು ಯಾರದು ಕೇಳು," ಎಂದೆ.

"ಯಾರದೂ ಅಲ್ಲವಂತೆ," ಎಂದಳು ಸಹನಾ.

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. "ಕಂಟ್ರೋಲಾ?" ಎಂದೆ. ಹೆಲ್ಗಾಳಿಗೆ ಆ ಪದ ಅರ್ಥವಾಗಿ ಹೌದು ಎಂದು ವಿವರಿಸಿದಳು. ವಿಕಿರಣ ಎಲ್ಲ ಕಡೆಯೂ ಸ್ವಲ್ಪ ಇದ್ದೇ ಇರುತ್ತದೆ, ಮಣ್ಣಿನಲ್ಲಿ, ಗೋಡೆಯಲ್ಲಿ, ಆಕಾಶದಲ್ಲಿ. ಆ ಸ್ವಲ್ಪವನ್ನು ಮಾತ್ರ ಅಳೆಯಲು ಒಂದು ಬ್ಯಾಡ್ಜನ್ನು ಕೆಲಸದ ಜಾಗದಿಂದ ದೂರ ಇಡುತ್ತಾರೆ. ಉಳಿದವರ ಬ್ಯಾಡ್ಜಿನ ಅಂಕಿಯಿಂದ ಅದರ ಅಂಕಿಯನ್ನು ಕಳೆದರೆ ಕೆಲಸದಿಂದ ಬಂದದ್ದೆಷ್ಟು ಎಂದು ತಿಳಿಯುತ್ತದೆ. ಅದಕ್ಕೇ ಅದು ಮೇಲಂತಸ್ತಿನ ಈ ಕಿಟಕಿಯಲ್ಲಿದೆ.

"ಅದನ್ನೂ ಎಕ್ಸ್‌ರೇ ಕೋಣೆ ಒಳಗೇ ಹಾಕಿದ್ರೆ?"

ಸಹನಾ ಕೇಳಿದಳು. ಉತ್ತರ ಬಂತು.

"ಏನಂದ್ರು?"

"ದಿನವೆಲ್ಲ ಅದಕ್ಕೂ ಎಕ್ಸ್‌ರೇ ತಾಗ್ತಿರುತ್ತೆ. ಅದರ ಅಂಕಿ ದೊಡ್ಡದಾಗುತ್ತೆ. ಕಳೆದಾಗ ಎಲ್ಲರಿಗೂ ಸೊನ್ನೆ ಬಂದುಬಿಡ್ಬಹುದಂತೆ. ಯಾಕೆ ಮಾದಣ್ಣ?"

ಕಾಫಿಯ ಲೋಟವನ್ನು ಕೆಳಗಿಟ್ಟೆ. ಜೇಬಿನಿಂದ ರಿಪೋರ್ಟು ತೆಗೆದು ಮೇಜಿನ ಮೇಲೆ ಬಿಡಿಸಿದೆ. ಹಲಗೆಯ ವಿಷಯ ಹೇಳಿದೆ. ತೇಗದ ತುಂಡು, ಐದು ಕೊಕ್ಕೆ, ನೀಲಿ ಬಣ್ಣ, ಒಳಗೋಡೆ. "ಮಾಡಿದ್ದು ನಾನೇ," ಎಂದೆ. ಸಹನಾ ಅರ್ಧ ಹೇಳಿ ನಿಲ್ಲಿಸಿದಳು. ಅವಳಿಗೆ ರತ್ನ ಗೊತ್ತಿದ್ದಳು. ನಮ್ಮ ಮನೆಯಲ್ಲಿ ಊಟ ಮಾಡಿದ್ದಾಳೆ.

ಹೆಲ್ಗಾ ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದಳು. ಇದು ರೋಗಕ್ಕೆ ಕಾರಣ ಅಂತಲೂ ಅಲ್ಲ ಅಂತಲೂ ನಾನು ಹೇಳಲಾರೆ ಎಂದಳು. ಕಾಯಂ ಸೊನ್ನೆ ಬರುವುದು ಒಳ್ಳೆಯ ಕೋಣೆಯಲ್ಲೂ ಸಾಧ್ಯ. ಕಂಟ್ರೋಲಿನ ಅಂಕಿ ದೊಡ್ಡದಿದ್ದರೆ ಲ್ಯಾಬಿನವರಿಗೆ ಸಾಮಾನ್ಯವಾಗಿ ಅನುಮಾನ ಬಂದು ಪತ್ರ ಬರೆಯುತ್ತಾರೆ. ಕಂಟ್ರೋಲನ್ನು ದೂರ ಇಡಿ ಎಂಬ ಸೂಚನೆ ಅಚ್ಚಾಗಿರುವುದೇ ಬಹಳ ಜನ ಜೊತೆಗೆ ನೇತುಹಾಕಿದ್ದರಿಂದ. ತಾನೂ ಕೆಲಸಕ್ಕೆ ಸೇರಿದ ವರ್ಷ ಬ್ಯಾಡ್ಜನ್ನು ಕೋಟಿಗೆ ಚುಚ್ಚಿ, ಕೋಟನ್ನು ವಿಕಿರಣದ ಕೋಣೆಯಲ್ಲೇ ತೂಗುಹಾಕಿ ಮನೆಗೆ ಹೋಗುತ್ತಿದ್ದಳಂತೆ. ಬ್ಯಾಡ್ಜಿನ ಅಂಕಿ ಮಿತಿ ದಾಟಿ, ಅವಳನ್ನು ರಜೆಯ ಮೇಲೆ ಕಳಿಸಿದರಂತೆ. "ನಂಗೇನೂ ಆಗಿರ್ಲಿಲ್ಲ, ನನ್ನ ಕೋಟಿಗೆ ರಜೆ ಕೊಡ್ಬೇಕಾಗಿತ್ತು ಅಂತಿದಾರೆ," ಎಂದಳು ಸಹನಾ. ನನಗೆ ನಗು ಬರಲಿಲ್ಲ. ಹೆಲ್ಗಾಳೂ ನಗಲೆಂದು ಹೇಳಿದ್ದಲ್ಲ.

ಕಾಗದವನ್ನು ನಾನು ಮಡಿಚಿದ್ದ ಗೆರೆಯಲ್ಲೇ ಮಡಿಚಿ ಕೈಗೆ ಕೊಟ್ಟಳು. ಆಮೇಲೆ ನನ್ನನ್ನು ನೋಡಿ ನಿಧಾನವಾಗಿ ಇಂಗ್ಲಿಷಿನಲ್ಲೇ ಕೇಳಿದಳು. ಆ ಮಾತು ನನಗೆ ನೇರವಾಗಿ ಅರ್ಥವಾಯಿತು. ನೀವು ಕೊಕ್ಕೆ ಎಲ್ಲಿ ಹಾಕಿದಿರಿ ಎಂಬುದು ನಿಮಗೆ ಗೊತ್ತು, ಬ್ಯಾಡ್ಜು ಎಲ್ಲಿ ಇತ್ತು ಎಂಬುದು ಗೊತ್ತೇ?

ತಿ. ನರಸೀಪುರ

ವಾಪಸ್ಸು ಬಂದ ಮಾರನೆಯ ದಿನ ರತ್ನ ಹತ್ತುತ್ತಿದ್ದ ಬಸ್ಸನ್ನೇ ಹತ್ತಿದೆ. ಅವಳು ಹೋದಮೇಲೆ ಆ ನರ್ಸಿಂಗ್ ಹೋಮಿಗೆ ನಾನು ಕಾಲಿಟ್ಟಿರಲಿಲ್ಲ. ಆಯಾ ಚಿಕ್ಕತಾಯಮ್ಮ ವರಾಂಡ ಒರೆಸುತ್ತಿದ್ದವಳು ಬಟ್ಟೆ ಬಿಟ್ಟು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಯಾಕಪ್ಪಾ ಮಾದಪ್ಪ, ಇಂಗೆ ಸೊರಗೋಗಿದ್ದಿಯೆ? ಪರದೇಸಕ್ಕೆ ಓಗಿದ್ದೆ ಅಂದ್ರು. ಅಲ್ಲಿ ಇಟ್ಟುಗಿಟ್ಟು ಸಿಕ್ನಿಲ್ವಾ?"

ಹಲಗೆ ನೋಡಬೇಕು ಎಂದೆ. ಎಕ್ಸ್‌ರೇ ಕೋಣೆಯಲ್ಲಿ ಯಾರೂ ಇರಲಿಲ್ಲ. ಹಲಗೆ ನಾನು ಹೊಡೆದಲ್ಲೇ ಇತ್ತು. ಪಾಲಿಶ್ ಮಾಸಿತ್ತು. ರತ್ನಳ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಹೊಸ ಹುಡುಗಿಯ ಹೆಸರು ಬರೆದಿದ್ದರು. ಐದನೆಯ ಕೊಕ್ಕೆಯಲ್ಲಿ ಬ್ಯಾಡ್ಜು ಇರಲಿಲ್ಲ. ಒಂದು ಬೀಗದ ಕೈ ನೇತಾಡುತ್ತಿತ್ತು.

"ಕಂಟ್ರೋಲ್ ಬ್ಯಾಡ್ಜ್ ಎಲ್ಲಮ್ಮ?"

ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದು ಮುಂದ್ಗಡೆ ರೂಮ್ನಾಗದೆ ಕಣಪ್ಪ, ಕ್ಯಾಲೆಂಡರ್ ಇಂದ್ಗಡೆ. ರತ್ನವ್ವನೇ ಎತ್ಕಂಡೋಗಿ ಅಲ್ಲಿ ಮಡಗುದ್ಲು."

"ಯಾವಾಗ?"

"ಯಾವತ್ತೋ. ಅದೆಂತದೋ ಕಾಗ್ದ ಬಂದಿತ್ತು. ಅದ್ನ ಎಲ್ಡು ಸಲ ಓದ್ಕಂಡ್ಲು. ಆಮ್ಯಾಕೆ ಬಿಚ್ಕಂಡೋದ್ಲು. ನಿಂಗೆ ಯೋಳ್ಬ್ಯಾಡ ಅಂದಿದ್ಲು ಕಣಪ್ಪ. 'ಅವ್ರು ಆಸೆಪಟ್ಟು ಮಾಡವ್ರೆ, ಗೊತ್ತಾದ್ರೆ ಬ್ಯಾಸ್ರ ಮಾಡ್ಕತಾರೆ, ಕೊಕ್ಕೆ ಬರಿದಾಗಿ ಕಾಣ್ಬಾರ್ದು' ಅಂತ ಆ ಬೀಗದ ಕೈ ಅಲ್ಲಿ ತಗಲಾಕುದ್ಲು. ಬೀಗ ಎಲ್ಲಿಯದೋ, ನಂಗಂತೂ ಗೊತ್ತಿಲ್ಲ."

'ಹಲಗೆ ಹೇಗಿದೆ' ಎಂದು ನಾನು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದೆ. 'ಗಟ್ಟಿಮುಟ್ಟಾಗಿದೆ ಕಣ್ರೀ' ಎನ್ನುತ್ತಿದ್ದಳು.

"ಚಿಕ್ಕತಾಯಮ್ಮ, ಚೆನ್ನಾಗಿ ಯೋಚ್ನೆ ಮಾಡಿ. ಹೊಸ ಮಿಷಿನ್ ಬರಕ್ಕೆ ಮುಂಚೆನಾ, ಆಮೇಲಾ?"

ಹಾಗೆ ಕೇಳಲು ಕಾರಣವಿತ್ತು. ಮೊದಲು ಅಲ್ಲಿ ಇದ್ದದ್ದು ಹಳೆಯ ಮಿಷಿನ್ನು, ರತ್ನ ನಿಲ್ಲುತ್ತಿದ್ದದ್ದು ಒಂದು ಮರದ ಪರದೆಯ ಹಿಂದೆ. ಎಂಟು ವರ್ಷದ ಹಿಂದೆ ಹೊಸದು ಬಂತು, ಸೀಸದ ಗೋಡೆ, ಗಾಜಿನ ಕಿಂಡಿ ಬಂದವು. ಹೊಸ ಮಿಷಿನ್ನಿನ ಕಾಲದ ಬಗ್ಗೆ ನನಗೆ ಭಯವಿಲ್ಲ. ಕಾಗದ ಹಳೆಯ ಮಿಷಿನ್ನು ಇದ್ದಾಗಲೇ, ಅವಳು ಸೇರಿದ ಹೊಸದರಲ್ಲೇ ಬಂದಿದ್ದರೆ ಆ ಕಾಲದ ಸೊನ್ನೆಗಳನ್ನೂ ನಂಬಬಹುದು. ತಡವಾಗಿ ಬಂದಿದ್ದರೆ ಅಷ್ಟು ವರ್ಷಗಳ ಸೊನ್ನೆ ನನ್ನ ಹಲಗೆಯದ್ದು.

"ಗ್ಯಾನ ಇಲ್ಲ ಕಣಪ್ಪ," ಎಂದಳು ಚಿಕ್ಕತಾಯಮ್ಮ. "ಸುಳ್ಳು ಯೋಳ್ಲಾ? ಮುಂಚೆನೇ ಅಂತ ಯೋಳ್ಬುಟ್ರೆ ನಿನ್ ಜೀವ ಸಮಾದಾನಾಗ್ತದಾ?"

"ಬೇಡಮ್ಮ," ಎಂದೆ.

ಡಾಕ್ಟರು ಪತ್ರವೊಂದು ಬಂದ ನೆನಪಿದೆ ಎಂದರು. ವರ್ಷ ನೆನಪಿರಲಿಲ್ಲ. ನನ್ನೆದುರಿಗೇ ಬೀರು ತೆಗೆಸಿ ಫೈಲುಗಳನ್ನು ಹುಡುಕಿಸಿದರು. ನಾನೂ ಕೂತು ಹುಡುಕಿದೆ. ಸಂಜೆಯ ಬಸ್ಸಿನವರೆಗೆ ಹುಡುಕಿದೆವು. ಮನೆಯಲ್ಲಿ ರತ್ನಳ ಪ್ಲಾಸ್ಟಿಕ್ ಕವರನ್ನು ಮತ್ತೆ ಮೂರು ಸಲ ನೋಡಿದ್ದೇನೆ. ಹದಿನಾರು ವರ್ಷದ ರಿಪೋರ್ಟುಗಳು ಒಂದೂ ತಪ್ಪದೆ ಇವೆ. ಕಂಟ್ರೋಲಿನ ಅಂಕಿ ಅವುಗಳಲ್ಲಿ ಇಲ್ಲ. ಆ ಪತ್ರ ಸಿಕ್ಕಿಲ್ಲ. ಅವಳು ಆ ಬ್ಯಾಡ್ಜನ್ನು ಯಾವ ವರ್ಷ ತೆಗೆದಳು ಎಂಬುದು ಗೊತ್ತಾಗಿಲ್ಲ.